ಎಣಿಸಿದ್ದು ಬೇರೆ, ಆರಿಸಿದ್ದು ಬೇರೆ: ಡೆನ್ವರ್ ನಗೆಟ್ಸ್ ದಾಖಲೆಗಳು ಮತ್ತು 65 ಪಂದ್ಯಗಳ ಲೆಕ್ಕ

2017ರ ಏಪ್ರಿಲ್ 9. ಎನ್‌ಬಿಎ ಎಂಬ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್‌ನ ಡೆನ್ವರ್ ನಗೆಟ್ಸ್ ತಂಡ ತನ್ನ ಊರಲ್ಲೇ ಆಡುತ್ತಿತ್ತು. ಎದುರಿಗಿದ್ದದ್ದು ಒಕ್ಲಹೋಮ ಸಿಟಿ ಥಂಡರ್. ಡೆನ್ವರ್ ಗೆದ್ದರೆ ಮಾತ್ರ ಪ್ಲೇಆಫ್ (ಕಿರೀಟಕ್ಕಾಗಿ ನಡೆಯುವ ಕೊನೆಯ ಸುತ್ತುಗಳು) ಆಸೆ ಉಳಿಯುತ್ತಿತ್ತು. ಆ ರಾತ್ರಿ ಥಂಡರ್‌ನ ರಸೆಲ್ ವೆಸ್ಟ್‌ಬ್ರೂಕ್ 50 ಅಂಕ, 16 ರಿಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿಯುವುದು), 10 ಅಸಿಸ್ಟ್ (ಅಂಕಕ್ಕೆ ದಾರಿ ಮಾಡಿದ ಪಾಸ್) ಮಾಡಿದರು. ಹೀಗೆ ಮೂರು ಲೆಕ್ಕದಲ್ಲೂ ಎರಡಂಕಿ ಮುಟ್ಟಿದರೆ ಟ್ರಿಪಲ್ ಡಬಲ್. ಅದು ಆ ಋತುವಿನಲ್ಲಿ ಅವರ 42ನೆಯದು. 1961-62ರಲ್ಲಿ ಆಸ್ಕರ್ ರಾಬರ್ಟ್‌ಸನ್ ಮಾಡಿದ್ದ 41ರ ದಾಖಲೆ ಮುರಿದುಬಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ಕೊನೆಯ ಗಂಟೆ ಹೊಡೆಯುವಾಗ ತುಂಬಾ ದೂರದಿಂದ ಅವರು ಎಸೆದ ಚೆಂಡು ಬುಟ್ಟಿಗೆ ಬಿತ್ತು. 106-105. ಡೆನ್ವರ್‌ನ ಪ್ಲೇಆಫ್ ಆಸೆ ಅಲ್ಲೇ ಮುಗಿಯಿತು.

ಸೋತ ತಂಡದಲ್ಲಿ ಸರ್ಬಿಯಾದ ಸೊಂಬೋರ್ ಎಂಬ ಊರಿನ 22 ವರ್ಷದ ನಿಕೋಲಾ ಯೋಕಿಚ್ ಇದ್ದರು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2014ರಲ್ಲಿ, 41ನೆಯವರಾಗಿ ಆಯ್ಕೆಯಾಗಿದ್ದವರು. ವೆಸ್ಟ್‌ಬ್ರೂಕ್‌ಗೆ ಆ ವರ್ಷದ ಎಂವಿಪಿ ಪ್ರಶಸ್ತಿ ಬಂತು. ಅಂದರೆ ಇಡೀ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರ.

ಎಂಟು ವರ್ಷ ಮುಂದೆ ಬನ್ನಿ. 2024-25ರಲ್ಲಿ ಅದೇ ಯೋಕಿಚ್ ಪಂದ್ಯಕ್ಕೆ ಸರಾಸರಿ 29.6 ಅಂಕ, 12.7 ರಿಬೌಂಡ್, 10.2 ಅಸಿಸ್ಟ್ ಮಾಡಿದರು. ಇಡೀ ಋತುವಿನ ಸರಾಸರಿಯೇ ಟ್ರಿಪಲ್ ಡಬಲ್. ಎನ್‌ಬಿಎ ಇತಿಹಾಸದಲ್ಲಿ ರಾಬರ್ಟ್‌ಸನ್, ವೆಸ್ಟ್‌ಬ್ರೂಕ್ ಬಿಟ್ಟರೆ ಇದನ್ನು ಮಾಡಿದ ಮೂರನೆಯವರು ಅವರು. ಅಂಕ, ರಿಬೌಂಡ್, ಅಸಿಸ್ಟ್ ಮೂರರ ಸರಾಸರಿಯಲ್ಲೂ ಲೀಗ್‌ನ ಮೊದಲ ಮೂರು ಸ್ಥಾನದೊಳಗೆ ಇದ್ದರು. ಹಿಂದೆ ಯಾರೂ ಒಂದೇ ಋತುವಿನಲ್ಲಿ ಹಾಗೆ ಇದ್ದದ್ದಿಲ್ಲ. ಆ ವರ್ಷದ ಮಾರ್ಚ್ 7ರಂದು ಫೀನಿಕ್ಸ್ ವಿರುದ್ಧ 31 ಅಂಕ, 21 ರಿಬೌಂಡ್, 22 ಅಸಿಸ್ಟ್. ಒಂದೇ ಪಂದ್ಯದಲ್ಲಿ 30-20-20 ದಾಟಿದ ಮೊದಲ ಮನುಷ್ಯ.

ಆದರೂ ಆ ವರ್ಷ ಎಂವಿಪಿ ಅವರಿಗೆ ಸಿಗಲಿಲ್ಲ. ಒಕ್ಲಹೋಮದ ಶೇ ಗಿಲ್ಜಸ್-ಅಲೆಕ್ಸಾಂಡರ್‌ಗೆ ಹೋಯಿತು. ಮೊದಲ ಸ್ಥಾನದ 100 ಮತಗಳಲ್ಲಿ ಅವರಿಗೆ 71, ಯೋಕಿಚ್‌ಗೆ 29.

ಇದು ಅನ್ಯಾಯವಾ? ನನಗೆ ಹಾಗೆ ಅನಿಸಲ್ಲ. ಥಂಡರ್ ಆ ವರ್ಷ 68 ಪಂದ್ಯ ಗೆದ್ದಿತ್ತು, ಡೆನ್ವರ್ 50. ಗಿಲ್ಜಸ್-ಅಲೆಕ್ಸಾಂಡರ್ ಪಂದ್ಯಕ್ಕೆ 32.7 ಅಂಕದಂತೆ ಹೊಡೆದು ಲೀಗ್‌ಗೇ ಮೊದಲಿಗರಾಗಿದ್ದರು. ಮತ ಹಾಕಿದವರ ಆಯ್ಕೆಗೆ ಗಟ್ಟಿ ಕಾರಣ ಇತ್ತು. ಆದರೆ ಒಂದು ವಿಷಯ ಮಾತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ದಾಖಲೆ ಎನ್ನುವುದು ಎಣಿಸಿದ್ದು. ಪ್ರಶಸ್ತಿ ಎನ್ನುವುದು ಆರಿಸಿದ್ದು. ಒಂದು ತಂಡದ ಪುಸ್ತಕದಲ್ಲಿ ಎರಡೂ ಅಕ್ಕಪಕ್ಕದ ಪುಟದಲ್ಲಿ ಇರುತ್ತವೆ, ಹಾಗಾಗಿ ನಾವು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿಬಿಡುತ್ತೇವೆ. ಈಗ ಎನ್‌ಬಿಎ ಈ ಎರಡನ್ನೂ ಹಣದ ಜೊತೆ ಕಟ್ಟಿ, ಮೇಲೆ ಪ್ರಶಸ್ತಿಗೆ ಕನಿಷ್ಠ 65 ಪಂದ್ಯ ಆಡಿರಬೇಕು ಎಂಬ ಒಂದು ಗೆರೆಯನ್ನೂ ಎಳೆದಿದೆ. ಈ ಗೊಂದಲ ಬಿಡಿಸೋಕೆ ಡೆನ್ವರ್‌ಗಿಂತ ಒಳ್ಳೆಯ ತಂಡ ಸಿಗಲ್ಲ. ಅಲ್ಲಿನ ಪುಸ್ತಕದಲ್ಲಿ ಎಲ್ಲ ಬಗೆಯ ಲೆಕ್ಕವೂ ಇದೆ.

ಮತ್ತೊಂದು ಏಪ್ರಿಲ್ 9ರಿಂದ ಶುರು ಮಾಡೋಣ. ಇದು 1978ರದ್ದು. ಡೆನ್ವರ್‌ನ ಡೇವಿಡ್ ಥಾಂಪ್ಸನ್ ಮತ್ತು ಸ್ಯಾನ್ ಆಂಟೋನಿಯೊ ಸ್ಪರ್ಸ್‌ನ ಜಾರ್ಜ್ ಗರ್ವಿನ್, ಇಬ್ಬರೂ ಆ ವರ್ಷದ ಅಂಕಗಳ ಕಿರೀಟಕ್ಕೆ ಪೈಪೋಟಿ ನಡೆಸಿದ್ದರು. ಋತುವಿನ ಕೊನೆಯ ದಿನ. ಮಧ್ಯಾಹ್ನ ಡೆಟ್ರಾಯಿಟ್‌ನಲ್ಲಿ ಥಾಂಪ್ಸನ್ ಆಟಕ್ಕೆ ಇಳಿದರು. ಪಂದ್ಯದ ನಾಲ್ಕು ಭಾಗಗಳಲ್ಲಿ ಮೊದಲನೆಯದರಲ್ಲೇ, ಅಂದರೆ ಮೊದಲ ಕ್ವಾರ್ಟರ್‌ನಲ್ಲೇ, 32 ಅಂಕ. 14 ಎಸೆತಗಳಲ್ಲಿ 13 ಒಳಗೆ. ಪಂದ್ಯ ಮುಗಿದಾಗ ಹೆಸರಿನ ಮುಂದೆ 73 ಅಂಕ ಇತ್ತು. ವಿಲ್ಟ್ ಚೇಂಬರ್ಲೇನ್ ಬಿಟ್ಟರೆ ಆವರೆಗೆ ಯಾರೂ ಒಂದು ಎನ್‌ಬಿಎ ಪಂದ್ಯದಲ್ಲಿ ಅಷ್ಟು ಹೊಡೆದಿರಲಿಲ್ಲ.

ಸುದ್ದಿ ಗರ್ವಿನ್‌ಗೆ ಮುಟ್ಟಿತು. ಅವರ ಪಂದ್ಯ ಸಂಜೆ ನ್ಯೂ ಆರ್ಲಿಯನ್ಸ್‌ನಲ್ಲಿ. ಕಿರೀಟ ಉಳಿಸಿಕೊಳ್ಳಲು 58 ಬೇಕಿತ್ತು. ಅವರು 33 ನಿಮಿಷದಲ್ಲಿ 63 ಹೊಡೆದರು. ಎರಡನೇ ಕ್ವಾರ್ಟರ್ ಒಂದರಲ್ಲೇ 33. ಒಂದು ಕ್ವಾರ್ಟರ್‌ನಲ್ಲಿ 32 ಎಂಬ ಥಾಂಪ್ಸನ್‌ರ ಮಧ್ಯಾಹ್ನದ ದಾಖಲೆ ಸಂಜೆಗೇ ಹೋಯಿತು. ಕೊನೆಗೆ ಸರಾಸರಿ 27.22 ಮತ್ತು 27.15. ಗರ್ವಿನ್ ಗೆದ್ದರು.

ಎರಡೂ ತಂಡಗಳು ಏನಾದವು? ಎರಡೂ ಸೋತವು. ಡೆನ್ವರ್ 137-139ರಲ್ಲಿ ಸೋತಿತು. ಸ್ಪರ್ಸ್ 21 ಅಂಕಗಳಿಂದ ಸೋತಿತು. ಅವತ್ತು ಗರ್ವಿನ್ ತಂಡದ ಕೋಚ್ ಆಗಿದ್ದವರು ಡಗ್ ಮೋ. ಆ ಹೆಸರು ನೆನಪಿರಲಿ, ಡೆನ್ವರ್ ಕಥೆಯಲ್ಲಿ ಮತ್ತೆ ಬರುತ್ತಾರೆ.

ನಮಗೆ ಇದು ಹೊಸದೇನಲ್ಲ. 1999ರಲ್ಲಿ ದೆಹಲಿಯಲ್ಲಿ ಅನಿಲ್ ಕುಂಬ್ಳೆ ಒಂಬತ್ತು ವಿಕೆಟ್ ತೆಗೆದಾಗ ಜಾವಗಲ್ ಶ್ರೀನಾಥ್ ಸ್ಟಂಪಿನಿಂದ ದೂರ ದೂರ ಬೌಲ್ ಮಾಡಿದ್ದು ಕನ್ನಡಿಗರಿಗೆ ಮರೆಯೋ ಸಂಗತಿಯಾ? ಹತ್ತನೆಯದು ಗೆಳೆಯನಿಗೇ ಸಿಗಲಿ ಅಂತ. ಅವತ್ತು ಭಾರತ ಗೆದ್ದಿತು, ದಾಖಲೆಯೂ ಬಂತು. ಥಾಂಪ್ಸನ್ ವಿಷಯದಲ್ಲಿ ದಾಖಲೆ ಬಂತು, ಗೆಲುವು ಬರಲಿಲ್ಲ. ಸಂಖ್ಯೆ ಎರಡು ಕಡೆಯೂ ನಿಜ. ಅದರ ಸುತ್ತ ಏನು ನಡೆಯಿತು ಅನ್ನೋದು ಮಾತ್ರ ಸಂಖ್ಯೆಯ ಒಳಗೆ ಬರಲ್ಲ.

ಈಗ ಡಗ್ ಮೋ. ಅವರು ಆಮೇಲೆ ಡೆನ್ವರ್‌ಗೆ ಕೋಚ್ ಆಗಿ ಬಂದರು. ಅವರ ಆಟದ ಧಾಟಿ ಒಂದೇ: ಓಡು, ಪಾಸ್ ಕೊಡು, ನಿಲ್ಲಬೇಡ. 1981-82ರಲ್ಲಿ ಅವರ ತಂಡ ಪಂದ್ಯಕ್ಕೆ ಸರಾಸರಿ 126.5 ಅಂಕ ಹೊಡೆಯಿತು. ಒಂದು ಋತುವಿನಲ್ಲಿ ಒಂದು ತಂಡ ಹೊಡೆದ ದೊಡ್ಡ ಸರಾಸರಿ ಅದು. 82 ಪಂದ್ಯಗಳಲ್ಲಿ ಒಂದರಲ್ಲೂ 100ಕ್ಕಿಂತ ಕೆಳಗೆ ಇಳಿಯಲಿಲ್ಲ. ಓದಿದರೆ ಎಂಥಾ ತಂಡಪ್ಪಾ ಅನಿಸುತ್ತದೆ. ಅದೇ ಸಾಲಿನ ಪಕ್ಕದ ಅಂಕಿ ನೋಡಿ. ಎದುರಾಳಿಗಳಿಗೆ ಬಿಟ್ಟುಕೊಟ್ಟಿದ್ದು 126.0. ಅಂದರೆ ಪಂದ್ಯಕ್ಕೆ ಅರ್ಧ ಅಂಕದ ಲಾಭ! 46 ಗೆದ್ದರು, 36 ಸೋತರು, ಪ್ಲೇಆಫ್ ಮೊದಲ ಸುತ್ತಿನಲ್ಲೇ ಮನೆಗೆ ಹೋದರು.

1983ರ ಡಿಸೆಂಬರ್ 13ರಂದು ಡೆನ್ವರ್‌ನಲ್ಲೇ ನಡೆದ ಪಂದ್ಯದ ಸ್ಕೋರ್ ಇನ್ನೂ ವಿಚಿತ್ರ. ಡೆಟ್ರಾಯಿಟ್ 186, ಡೆನ್ವರ್ 184. ಸ್ಕೋರ್ ಸಮವಾದಾಗ ಆಡಿಸುವ ಹೆಚ್ಚುವರಿ ಅವಧಿ, ಓವರ್‌ಟೈಮ್, ಮೂರು ಸಲ. ಕಿಕಿ ವ್ಯಾಂಡವೇ 51, ಅಲೆಕ್ಸ್ ಇಂಗ್ಲಿಷ್ 47. ಎದುರಿನ ಐಸಾಯಾ ಥಾಮಸ್ 47. ಎನ್‌ಬಿಎಯಲ್ಲಿ ಅತಿ ಹೆಚ್ಚು ಅಂಕ ಬಂದ ಪಂದ್ಯ ಇದು. ಡೆನ್ವರ್ ತಂಡದ ಒಂದು ಪಂದ್ಯದ ಅತಿ ದೊಡ್ಡ ಸ್ಕೋರ್ ಕೂಡ ಇದೇ. ಮತ್ತೆ, ಸೋತ ಪಂದ್ಯ.

ವೇಗ ಹೆಚ್ಚಾದರೆ ಎಲ್ಲರ ಅಂಕಿಯೂ ಊದಿಕೊಳ್ಳುತ್ತದೆ. ಇದಕ್ಕೆ 1990-91ರ ಡೆನ್ವರ್ ತಂಡಕ್ಕಿಂತ ದೊಡ್ಡ ಸಾಕ್ಷಿ ಬೇಡ. ಕೋಚ್ ಪಾಲ್ ವೆಸ್ಟ್‌ಹೆಡ್ ಇನ್ನೂ ಜೋರಾಗಿ ಓಡಿಸಿದರು. ಪಂದ್ಯಕ್ಕೆ ಸುಮಾರು 120 ಅಂಕ ಬಂತು. ಹೋಗಿದ್ದು 130.8, ಅದೂ ಒಂದು ದಾಖಲೆ. ಆ ವರ್ಷ ಮೈಕಲ್ ಆ್ಯಡಮ್ಸ್ ಎಂಬ ಗಿಡ್ಡ ಗಾರ್ಡ್ 26.5 ಅಂಕ, 10.5 ಅಸಿಸ್ಟ್ ಸರಾಸರಿ ಮಾಡಿದರು. ಹೆಸರು ಮುಚ್ಚಿ ಅಂಕಿ ಮಾತ್ರ ತೋರಿಸಿದರೆ ಎಂವಿಪಿ ಅಂದುಕೊಳ್ಳುತ್ತೀರಿ. ತಂಡ ಗೆದ್ದಿದ್ದು 20 ಪಂದ್ಯ.

ಹಾಗಂತ ಆ ಕಾಲದ ಎಲ್ಲರನ್ನೂ ವೇಗದ ಲೆಕ್ಕಕ್ಕೆ ಹಾಕಿ ಕಡಿಮೆ ಮಾಡಿಬಿಡುವುದು ತಪ್ಪು. ಅಲೆಕ್ಸ್ ಇಂಗ್ಲಿಷ್ ವಿಷಯದಲ್ಲಿ ನನಗೆ ಬೇಸರ ಇರುವುದು ಇಲ್ಲೇ. ಡೆನ್ವರ್ ಪರ 21,645 ಅಂಕ. ಸತತ ಎಂಟು ಋತು 2,000 ಅಂಕ ದಾಟಿದ ಮೊದಲ ಆಟಗಾರ. 1982-83ರಲ್ಲಿ 28.4 ಸರಾಸರಿಯಲ್ಲಿ ಲೀಗ್‌ಗೆ ಮೊದಲು. ಎರಡನೆಯವರು ಅದೇ ತಂಡದ ವ್ಯಾಂಡವೇ. 1980ರ ದಶಕದಲ್ಲಿ ಅವರಷ್ಟು ಅಂಕ ಹೊಡೆದವರು ಇನ್ನೊಬ್ಬರಿಲ್ಲ. ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಆಡಿದ ದಶಕ ಅದು, ಮರೀಬೇಡಿ. ಆದರೂ ಅವರಿಗೆ ಒಂದೇ ಒಂದು ಎಂವಿಪಿ ಇಲ್ಲ. ವರ್ಷದ ಅತ್ಯುತ್ತಮ ಆಟಗಾರರನ್ನು ಆರಿಸಿ ಹೆಸರಿಸುವ ಆಲ್-ಎನ್‌ಬಿಎ ತಂಡಗಳಲ್ಲಿ ಮೊದಲನೆಯದರಲ್ಲಿ ಒಮ್ಮೆಯೂ ಹೆಸರಿಲ್ಲ, ಎರಡನೇ ತಂಡದಲ್ಲಿ ಮೂರು ಸಲ ಮಾತ್ರ. ಎಣಿಕೆ ಅವರ ಕಡೆ ಇತ್ತು. ಆರಿಸುವವರ ಕಣ್ಣು ಬರ್ಡ್ ಆಡುತ್ತಿದ್ದ ಬಾಸ್ಟನ್, ಮ್ಯಾಜಿಕ್ ಆಡುತ್ತಿದ್ದ ಲಾಸ್ ಏಂಜಲೀಸ್ ಕಡೆ ಇತ್ತು.

ಎಣಿಕೆಯಾದರೂ ನೇರವಾಗಿದೆಯಾ ಅಂದರೆ, ಅದೂ ಪೂರ್ತಿ ಅಲ್ಲ. ಡೆನ್ವರ್ ತಂಡ ಹುಟ್ಟಿದ್ದು 1967ರಲ್ಲಿ, ಎಬಿಎ ಎಂಬ ಎದುರಾಳಿ ಲೀಗ್‌ನಲ್ಲಿ, ಡೆನ್ವರ್ ರಾಕೆಟ್ಸ್ ಎಂಬ ಹೆಸರಿನಲ್ಲಿ. 1976ರಲ್ಲಿ ಆ ಲೀಗ್ ಮುಚ್ಚಿದಾಗ ನಗೆಟ್ಸ್, ಪೇಸರ್ಸ್, ಸ್ಪರ್ಸ್, ನೆಟ್ಸ್ ನಾಲ್ಕು ತಂಡಗಳು ಎನ್‌ಬಿಎಗೆ ಬಂದವು. ತಂಡಗಳು ಬಂದವು, ಅಂಕಿಗಳು ಬರಲಿಲ್ಲ. ಎನ್‌ಬಿಎ ತನ್ನ ಪಟ್ಟಿಗೆ ಎಬಿಎ ಅಂಕಗಳನ್ನು ಸೇರಿಸಲ್ಲ.

ಇದರಿಂದ ಏನಾಗುತ್ತದೆ ನೋಡಿ. ಡ್ಯಾನ್ ಇಸೆಲ್ ಡೆನ್ವರ್ ಪರ ಎನ್‌ಬಿಎಯಲ್ಲಿ ಹೊಡೆದದ್ದು 14,659. ಅದಕ್ಕೂ ಮುಂಚೆ 1975-76ರಲ್ಲಿ ಅದೇ ತಂಡಕ್ಕೆ, ಎಬಿಎಯಲ್ಲಿ, 1,930. ಒಟ್ಟು 16,589. ಅದೇ ಊರು, ಅದೇ ಆಟಗಾರ. ಒಂದು ಪಟ್ಟಿಯಲ್ಲಿ ಒಂದು ವರ್ಷ ಇದೆ, ಇನ್ನೊಂದರಲ್ಲಿ ಇಲ್ಲ. ಹಾಗಾಗಿ ಯೋಕಿಚ್ ಇಸೆಲ್‌ರನ್ನು ಯಾವಾಗ ದಾಟಿದರು ಅಂತ ಕೇಳಿದರೆ ನೀವು ನೋಡುವ ಪಟ್ಟಿಗೆ ತಕ್ಕ ಹಾಗೆ ಎರಡು ಉತ್ತರ.

ಡೆನ್ವರ್‌ನ ಮೊದಲ ಎಂವಿಪಿ ಯಾರು? ಈಗಿನ ಅಭಿಮಾನಿಗಳನ್ನು ಕೇಳಿದರೆ ಬಹುತೇಕರು ಯೋಕಿಚ್ ಅನ್ನುತ್ತಾರೆ. 1969-70ರಲ್ಲಿ ಸ್ಪೆನ್ಸರ್ ಹೇವುಡ್ ಎಂಬ ಹುಡುಗ ರಾಕೆಟ್ಸ್ ಪರ 30.0 ಅಂಕ, 19.5 ರಿಬೌಂಡ್ ಸರಾಸರಿ ಮಾಡಿ ಎಬಿಎಯ ಎಂವಿಪಿ ಮತ್ತು ವರ್ಷದ ಹೊಸಬ ಎರಡೂ ಆಗಿದ್ದರು. ಮೊದಲ ಋತುವಿನಲ್ಲೇ! ಆ ಊರಿನ ಜನ ದುಡ್ಡು ಕೊಟ್ಟು ಟಿಕೆಟ್ ತಗೊಂಡು ನೋಡಿದ ಆಟ ಅದು. ಅದನ್ನು ಅಡಿಟಿಪ್ಪಣಿ ಮಾಡಿ ಕೂರಿಸುವುದು ನನಗೆ ಸರಿ ಕಾಣಲ್ಲ.

ಇನ್ನೊಂದು ಗಂಟು ಇದೆ. ಎನ್‌ಬಿಎ ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು) ಮತ್ತು ಬ್ಲಾಕ್ (ಎದುರಾಳಿಯ ಎಸೆತ ತಡೆಯುವುದು) ಎಣಿಸೋಕೆ ಶುರು ಮಾಡಿದ್ದೇ 1973-74ರಲ್ಲಿ. ಅದಕ್ಕೂ ಮುಂಚೆ ಆಡಿದ ಬಿಲ್ ರಸೆಲ್, ಚೇಂಬರ್ಲೇನ್ ಎಷ್ಟು ಬ್ಲಾಕ್ ಮಾಡಿದರು ಅಂತ ಅಧಿಕೃತ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ದೂರದ ಎಸೆತಕ್ಕೆ ಎರಡರ ಬದಲು ಮೂರು ಅಂಕ ಕೊಡುವ ಗೆರೆ ಎನ್‌ಬಿಎಗೆ ಬಂದದ್ದು 1979-80ರಲ್ಲಿ. ಹಾಗಾಗಿ ಥಾಂಪ್ಸನ್‌ರ 73ರಲ್ಲಿ ಒಂದೂ ಮೂರರ ಹೊಡೆತವಿಲ್ಲ. ಎರಡೆರಡು ಅಂಕದ 28 ಬುಟ್ಟಿ, ಒಂದೊಂದು ಅಂಕದ 17 ಫ್ರೀ ಥ್ರೋ, ಅಷ್ಟೇ.

ಬ್ಲಾಕ್ ಅಂದ ಕೂಡಲೇ ಡಿಕೆಂಬೆ ಮುಟೊಂಬೊ ನೆನಪಾಗುತ್ತಾರೆ. ಕಾಂಗೋದಿಂದ ಬಂದವರು, ಡೆನ್ವರ್ ಪರ ಐದು ಋತು ಆಡಿ 1,486 ಬ್ಲಾಕ್ ಮಾಡಿದರು. 1994ರಲ್ಲಿ 42 ಪಂದ್ಯ ಗೆದ್ದು ಎಂಟನೇ ಸ್ಥಾನದಲ್ಲಿ ಪ್ಲೇಆಫ್ ಒಳಗೆ ಬಂದಿದ್ದ ಡೆನ್ವರ್, 63 ಗೆದ್ದು ಮೊದಲ ಸ್ಥಾನದಲ್ಲಿದ್ದ ಸಿಯಾಟಲ್ ತಂಡವನ್ನು 3-2ರಲ್ಲಿ ಸೋಲಿಸಿತು. ಮೊದಲ ಎರಡು ಪಂದ್ಯ ಸೋತ ಮೇಲೆ. ಆ ಐದು ಪಂದ್ಯಗಳಲ್ಲಿ ಮುಟೊಂಬೊ 31 ಬ್ಲಾಕ್ ಮಾಡಿದ್ದರು. ಕೊನೆಯ ಗಂಟೆ ಹೊಡೆದಾಗ ಅವರು ನೆಲಕ್ಕೆ ಬಿದ್ದು, ಅಂಗಾತ ಮಲಗಿ, ಎರಡೂ ಕೈಯಲ್ಲಿ ಚೆಂಡನ್ನು ತಲೆ ಮೇಲೆ ಎತ್ತಿ ಹಿಡಿದು, ಬಾಯಿ ತುಂಬಾ ನಗುತ್ತಿದ್ದರು. ನೋಡಿದವರ ಕಣ್ಣು ತುಂಬಿ ಬರುವ ದೃಶ್ಯ. 2024ರ ಸೆಪ್ಟೆಂಬರ್ 30ರಂದು ಅವರು ತೀರಿಕೊಂಡಾಗ ನನಗೆ ಮೊದಲು ನೆನಪಾದದ್ದು ಅದೇ ಮುಖ.

31 ಬ್ಲಾಕ್ ಪಟ್ಟಿಯಲ್ಲಿದೆ. ಆದರೆ ಮುಟೊಂಬೊ ಬುಟ್ಟಿ ಕೆಳಗೆ ನಿಂತಿದ್ದಾರೆ ಅಂತ ಎಷ್ಟು ಸಲ ಸಿಯಾಟಲ್ ಆಟಗಾರರು ಒಳಗೆ ನುಗ್ಗದೆ ಚೆಂಡನ್ನು ವಾಪಸ್ ಹೊರಗೆ ಕೊಟ್ಟರು? ಅದನ್ನು ಬರೆಯೋಕೆ ಯಾವ ಕಾಲಮ್ಮೂ ಇಲ್ಲ. ಡಿಫೆನ್ಸ್‌ನ ಕೆಲಸದ ದೊಡ್ಡ ಪಾಲು ಹೀಗೆ ನಡೆಯದೇ ಹೋದ ಸಂಗತಿಗಳಲ್ಲಿ ಇರುತ್ತದೆ. ಇಲ್ಲಿ ಮಾತ್ರ ಆರಿಸುವವರ ಕಣ್ಣು ಎಣಿಸುವವರ ಪೆನ್ನಿಗಿಂತ ಜಾಸ್ತಿ ಕೆಲಸ ಮಾಡುತ್ತದೆ. 1995ರಲ್ಲಿ ಅವರಿಗೆ ವರ್ಷದ ಅತ್ಯುತ್ತಮ ಡಿಫೆನ್ಸ್ ಆಟಗಾರ ಪ್ರಶಸ್ತಿ ಬಂತು. ವೃತ್ತಿಯಲ್ಲಿ ಒಟ್ಟು ನಾಲ್ಕು ಸಲ ಬಂತು.

ಪೆನ್ನು ಹಿಡಿದವರ ಪಾತ್ರವೂ ಇದೆ. ಅಂಕ ಎಣಿಸುವುದು ಸುಲಭ, ಚೆಂಡು ಬುಟ್ಟಿಗೆ ಬಿತ್ತೋ ಇಲ್ಲವೋ. ಅಸಿಸ್ಟ್ ಹಾಗಲ್ಲ. ಪಾಸ್ ಸಿಕ್ಕವರು ಎರಡು ಸಲ ಚೆಂಡು ಕುಟ್ಟಿ, ಒಬ್ಬರನ್ನು ತಪ್ಪಿಸಿ ಹೊಡೆದರೆ ಅದು ಅಸಿಸ್ಟಾ? ಅಂಗಣದ ಪಕ್ಕ ಕೂತ ಸ್ಕೋರರ್ ಆ ಕ್ಷಣದಲ್ಲಿ ನಿರ್ಧರಿಸಬೇಕು. ಅದಕ್ಕೇ ಲೀಗ್ ವಿಡಿಯೊ ನೋಡಿ ಆಮೇಲೆ ತಿದ್ದುವುದೂ ಉಂಟು. 2023ರ ಮಾರ್ಚ್‌ನಲ್ಲಿ ಮಿಲ್ವಾಕಿಯ ಯಾನಿಸ್ ಆ್ಯಂಟೆಟೊಕೂಂಪೊ ಹತ್ತನೇ ರಿಬೌಂಡ್‌ಗಾಗಿ ಕೊನೆ ಗಳಿಗೆಯಲ್ಲಿ ಚೆಂಡನ್ನು ಸುಮ್ನೆ ಬುಟ್ಟಿಯ ಕಡೆ ಎಸೆದು ತಾವೇ ಹಿಡಿದರು. ಟ್ರಿಪಲ್ ಡಬಲ್ ಆಯಿತು. ಮರುದಿನ ಲೀಗ್ ಅದನ್ನು ಅಳಿಸಿತು. ಸರಿಯಾಗಿಯೇ ಅಳಿಸಿತು.

ಪಂದ್ಯವನ್ನೇ ಪೂರ್ತಿ ಲೆಕ್ಕದಿಂದ ಹೊರಗೆ ಇಡುವುದೂ ಇದೆ. ಋತುವಿನ ನಡುವೆ ನಡೆಯುವ ಕಪ್ ಟೂರ್ನಿಯ ಫೈನಲ್ ಯಾರ ಅಂಕಿಪಟ್ಟಿಗೂ ಸೇರಲ್ಲ. 2023ರ ಡಿಸೆಂಬರ್‌ನ ಫೈನಲ್‌ನಲ್ಲಿ ಆ್ಯಂಟನಿ ಡೇವಿಸ್ 41 ಅಂಕ, 20 ರಿಬೌಂಡ್ ಮಾಡಿದರು. ಅವರ ಆ ವರ್ಷದ ಲೆಕ್ಕದಲ್ಲಿ ಆ 41 ಇಲ್ಲ.

ಇಷ್ಟೆಲ್ಲಾ ಹಿನ್ನೆಲೆ ಯಾಕೆ ಹೇಳಿದೆ ಅಂದರೆ, ಈಗಿನ 65 ಪಂದ್ಯಗಳ ನಿಯಮವೂ ಎಣಿಕೆಯ ಮೇಲೇ ನಿಂತಿದೆ. 2023ರಲ್ಲಿ ಎನ್‌ಬಿಎ ಮತ್ತು ಆಟಗಾರರ ಸಂಘ ಹೊಸ ಒಪ್ಪಂದ ಮಾಡಿಕೊಂಡವು. ಅದರ ಪ್ರಕಾರ 82ರಲ್ಲಿ ಕನಿಷ್ಠ 65 ಪಂದ್ಯ ಆಡದವರಿಗೆ ಎಂವಿಪಿ ಇಲ್ಲ, ಅತ್ಯುತ್ತಮ ಡಿಫೆನ್ಸ್ ಪ್ರಶಸ್ತಿ ಇಲ್ಲ, ಹೆಚ್ಚು ಸುಧಾರಿಸಿದ ಆಟಗಾರ ಪ್ರಶಸ್ತಿ ಇಲ್ಲ, ಆಲ್-ಎನ್‌ಬಿಎ ತಂಡಗಳಲ್ಲೂ ಜಾಗ ಇಲ್ಲ. ಸುಮ್ನೆ ಅಂಗಣಕ್ಕೆ ಇಳಿದು ಬಂದರೆ ಸಾಲದು. ಪಂದ್ಯ ಲೆಕ್ಕಕ್ಕೆ ಬರಬೇಕಾದರೆ 20 ನಿಮಿಷ ಆಡಬೇಕು. ಎರಡು ಪಂದ್ಯಕ್ಕೆ ಮಾತ್ರ 15 ನಿಮಿಷದ ವಿನಾಯಿತಿ. 62 ಪಂದ್ಯ ಆಡಿದ ಮೇಲೆ ಋತುವೇ ಮುಗಿಯುವಂಥ ಗಾಯವಾದರೆ ಅದಕ್ಕೂ ಒಂದು ದಾರಿ ಇದೆ. ವರ್ಷದ ಹೊಸಬ ಪ್ರಶಸ್ತಿಗೆ, ಬೆಂಚಿನಿಂದ ಬರುವ ಆರನೇ ಆಟಗಾರನ ಪ್ರಶಸ್ತಿಗೆ ಈ ನಿಯಮ ಇಲ್ಲ.

ನಿಯಮ ಬಂದದ್ದು ಯಾಕೆ ಅಂತ ಎಲ್ಲರಿಗೂ ಗೊತ್ತು. ದೊಡ್ಡ ಆಟಗಾರರು ಗಾಯವಿಲ್ಲದಿದ್ದರೂ ವಿಶ್ರಾಂತಿ ಅಂತ ಹೊರಗೆ ಕೂರುವುದು ಜಾಸ್ತಿ ಆಗಿತ್ತು. ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಬಂದ ಅಪ್ಪ-ಅಮ್ಮ, ಬೋರ್ಡಿನಲ್ಲಿ ಅವತ್ತು ಆ ಆಟಗಾರ ಆಡಲ್ಲ ಅಂತ ಓದಬೇಕಿತ್ತು. ಟಿವಿ ಕಂಪನಿಗಳಿಗೂ ಕಿರಿಕಿರಿ. ನಮ್ಮಲ್ಲೂ ಬೆಳಿಗ್ಗೆ ಆರೂವರೆಗೋ ಏಳೂವರೆಗೋ ಅಲಾರಂ ಇಟ್ಟು ಎದ್ದು ಡೆನ್ವರ್ ಪಂದ್ಯ ಹಾಕಿದವರಿಗೆ ಅದೇ ನಿರಾಸೆ. ಉದ್ದೇಶ ಒಳ್ಳೆಯದು, ಅನುಮಾನವಿಲ್ಲ.

ತೊಂದರೆ ಬರುವುದು ದುಡ್ಡಿನ ಜೊತೆ ಕಟ್ಟಿದಾಗ. ಏಳೆಂಟು ವರ್ಷ ಆಡಿದ ಆಟಗಾರನಿಗೆ ಸಾಮಾನ್ಯವಾಗಿ ಇಡೀ ತಂಡಕ್ಕೆ ಲೀಗ್ ಹಾಕುವ ಸಂಬಳ ಮಿತಿಯ ಶೇ 30ರವರೆಗೆ ಸಂಬಳ ಸಿಗಬಹುದು. ಎಂವಿಪಿ ಆಗಿದ್ದರೆ ಅಥವಾ ಆಲ್-ಎನ್‌ಬಿಎ ತಂಡದಲ್ಲಿ ಹೆಸರು ಬಂದಿದ್ದರೆ, ಕೆಲವು ಷರತ್ತುಗಳ ಮೇಲೆ, ಅದು ಶೇ 35 ಆಗುತ್ತದೆ. 2024-25ರಲ್ಲಿ ಮಿತಿ ಸುಮಾರು 14.06 ಕೋಟಿ ಡಾಲರ್ ಇತ್ತು. ಶೇ 30 ಅಂದರೆ 4.22 ಕೋಟಿ, ಶೇ 35 ಅಂದರೆ 4.92 ಕೋಟಿ. ಮೊದಲ ವರ್ಷಕ್ಕೇ 70 ಲಕ್ಷ ಡಾಲರ್ ವ್ಯತ್ಯಾಸ. ಐದು ವರ್ಷಕ್ಕೆ ನೀವೇ ಗುಣಿಸಿ ನೋಡಿ. ಈ ಮತ ಹಾಕುವವರು ಪತ್ರಕರ್ತರು ಮತ್ತು ಪ್ರಸಾರಕರು, ಸುಮಾರು ನೂರು ಜನ. ಆಟದ ಬಗ್ಗೆ ಬರೆಯುವವರು ಆಟಗಾರನ ಸಂಬಳ ತೀರ್ಮಾನ ಮಾಡಿದ ಹಾಗಾಯಿತು.

ಹೊಸಬರ ಮೊದಲ ದೊಡ್ಡ ಒಪ್ಪಂದಕ್ಕೂ ಇದೇ ಥರದ ಷರತ್ತು ಇದೆ. ಇಂಡಿಯಾನಾದ ಟೈರೀಸ್ ಹ್ಯಾಲಿಬರ್ಟನ್ ಕಥೆ ನೋಡಿ. 2024ರ ಜನವರಿಯಲ್ಲಿ ಅವರಿಗೆ ತೊಡೆಯ ಹಿಂಭಾಗದ ಸ್ನಾಯು ಹಿಡಿಯಿತು. ಆಲ್-ಎನ್‌ಬಿಎ ತಂಡಕ್ಕೆ ಆಯ್ಕೆಯಾದರೆ ಐದು ವರ್ಷದ ಒಪ್ಪಂದಕ್ಕೆ ಸುಮಾರು 4 ಕೋಟಿ ಡಾಲರ್ ಹೆಚ್ಚು ಬರುತ್ತಿತ್ತು. ಆಗಲೇ ಸಾಕಷ್ಟು ಪಂದ್ಯ ತಪ್ಪಿದ್ದವು. ನಿಮಿಷಗಳ ಮಿತಿ ಹಾಕಿಕೊಂಡು ಆಡಿದರು. 69 ಪಂದ್ಯ ಆಡಿ, ಮೂರನೇ ತಂಡದಲ್ಲಿ ಜಾಗ ಪಡೆದರು, ಹಣವೂ ಬಂತು. ನಿಯಮ ಸರಿಯಿಲ್ಲ ಅಂತ ಅವರು ಆಗಲೇ ಬಾಯಿ ಬಿಟ್ಟು ಹೇಳಿದ್ದರು.

ಅದೇ ತಿಂಗಳು ಫಿಲಡೆಲ್ಫಿಯಾದ ಜೋಯೆಲ್ ಎಂಬೀಡ್. ಜನವರಿ 22ಕ್ಕೆ ಒಂದೇ ಪಂದ್ಯದಲ್ಲಿ 70 ಅಂಕ. 27ಕ್ಕೆ ಡೆನ್ವರ್‌ನಲ್ಲಿ ಯೋಕಿಚ್ ಎದುರು ಆಡಬೇಕಿತ್ತು. ಮೊಣಕಾಲು ನೋವು ಅಂತ ಕೊನೆ ಗಳಿಗೆಯಲ್ಲಿ ಹಿಂದೆ ಸರಿದರು. ಊರಿನವರು ಕೂಗಾಡಿದರು, ಟೀಕೆಗಳ ಮಳೆ. ಅವರಿಗೆ ಇನ್ನು ಕೆಲವೇ ಪಂದ್ಯ ತಪ್ಪಿಸುವ ಅವಕಾಶ ಉಳಿದಿತ್ತು, ಯಾಕಂದರೆ 82ರಿಂದ 65 ಕಳೆದರೆ 17 ಮಾತ್ರ. 30ಕ್ಕೆ ಗೋಲ್ಡನ್ ಸ್ಟೇಟ್ ವಿರುದ್ಧ ಇಳಿದರು. ಆಟ ನಡುವೆ ಎದುರಾಳಿ ಒಬ್ಬರು ಅದೇ ಕಾಲಿನ ಮೇಲೆ ಬಿದ್ದರು. ಶಸ್ತ್ರಚಿಕಿತ್ಸೆ ಆಯಿತು. ಆ ಋತುವಿನಲ್ಲಿ 39 ಪಂದ್ಯಕ್ಕೆ ನಿಂತರು. ನಿಯಮದ ಒತ್ತಡಕ್ಕೇ ಅವರು ಆಡಿದರು ಅಂತ ನಾನು ಹೇಳಲ್ಲ. ಆದರೆ ನೋವಿರುವ ಮನುಷ್ಯನ ತಲೆಯಲ್ಲಿ 17 ಅನ್ನೋ ಸಂಖ್ಯೆ ಓಡುವ ಹಾಗೆ ಮಾಡುವುದು ಒಳ್ಳೆಯದಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ.

2024-25ರಲ್ಲಿ ಸ್ಯಾನ್ ಆಂಟೋನಿಯೊದ ವಿಕ್ಟರ್ ವೆಂಬನ್ಯಾಮಾಗೆ ಭುಜದಲ್ಲಿ ರಕ್ತ ಹೆಪ್ಪುಗಟ್ಟಿತು. 46 ಪಂದ್ಯಕ್ಕೆ ಋತು ಮುಗಿಯಿತು. ಪಂದ್ಯಕ್ಕೆ 3.8 ಬ್ಲಾಕ್ ಮಾಡುತ್ತಿದ್ದ ಹುಡುಗ ಡಿಫೆನ್ಸ್ ಪ್ರಶಸ್ತಿಯ ಪಟ್ಟಿಯಿಂದಲೇ ಹೊರಗೆ. ರಕ್ತ ಹೆಪ್ಪುಗಟ್ಟಿದ್ದು ವಿಶ್ರಾಂತಿಯ ನೆಪ ಅಲ್ವಲ್ಲ. 46 ಪಂದ್ಯ ಕಡಿಮೆಯೇ, ನಿಯಮ ಇಲ್ಲದಿದ್ದರೂ ಮತ ಹಾಕುವವರು ಯೋಚಿಸುತ್ತಿದ್ದರು. ಆದರೆ ಯೋಚಿಸುವ ಅವಕಾಶ ಇರಬೇಕಿತ್ತು.

ಹಿಂದೆ ಆ ಅವಕಾಶ ಇತ್ತು. ಥಾಂಪ್ಸನ್-ಗರ್ವಿನ್ ಪೈಪೋಟಿಯ ಅದೇ 1977-78ರಲ್ಲಿ ಎಂವಿಪಿ ಆದವರು ಪೋರ್ಟ್‌ಲ್ಯಾಂಡ್‌ನ ಬಿಲ್ ವಾಲ್ಟನ್. ಆಡಿದ್ದು 58 ಪಂದ್ಯ. ಆಗ ಮತ ಹಾಕುತ್ತಿದ್ದವರು ಪತ್ರಕರ್ತರಲ್ಲ, ಆಟಗಾರರೇ. 1980-81ರಿಂದ ಅದು ಪತ್ರಕರ್ತರ ಕೈಗೆ ಹೋಯಿತು. ಎದುರಿಗೆ ನಿಂತು ಆಡಿದವರಿಗೆ 58 ಪಂದ್ಯ ಸಾಕು ಅನಿಸಿತ್ತು. ಇವತ್ತಾಗಿದ್ದರೆ ವಾಲ್ಟನ್ ಹೆಸರನ್ನು ಬರೆಯುವಂತೆಯೇ ಇರಲಿಲ್ಲ.

ನನ್ನ ಮಾತು ಇಷ್ಟೇ. ಪ್ರಶಸ್ತಿಗೆ ಪಂದ್ಯಗಳ ಗೆರೆ ಬೇಕಾದರೆ ಇರಲಿ, ಆದರೆ ಸಂಬಳವನ್ನು ಅದರಿಂದ ಬಿಡಿಸಬೇಕು. ಪಂದ್ಯ ಎಣಿಸುವ ಬದಲು ಒಟ್ಟು ನಿಮಿಷ ಎಣಿಸಿದರೂ ಸ್ವಲ್ಪ ನ್ಯಾಯ ಸಿಗುತ್ತದೆ. 64 ಪಂದ್ಯದಲ್ಲಿ ತಲಾ 36 ನಿಮಿಷ ಆಡಿದವರು 2,304 ನಿಮಿಷ ಬೆವರು ಸುರಿಸಿರುತ್ತಾರೆ. 65 ಪಂದ್ಯದಲ್ಲಿ ತಲಾ 28 ನಿಮಿಷ ಆಡಿದವರದ್ದು 1,820. ಈಗಿನ ನಿಯಮದಲ್ಲಿ ಎರಡನೆಯವರು ಒಳಗೆ, ಮೊದಲನೆಯವರು ಹೊರಗೆ. ಒಳ್ಳೆಯ ಬದಲಾವಣೆಯೂ ಒಂದಾಗಿದೆ. 2023-24ರಿಂದ ಆಲ್-ಎನ್‌ಬಿಎ ತಂಡಕ್ಕೆ ಆಡುವ ಸ್ಥಾನದ ಲೆಕ್ಕ ಇಲ್ಲ. ಅದಕ್ಕೂ ಮುಂಚೆ ಪ್ರತಿ ತಂಡಕ್ಕೆ ಒಬ್ಬರೇ ಸೆಂಟರ್, ಅಂದರೆ ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ. ಯೋಕಿಚ್, ಎಂಬೀಡ್ ಇಬ್ಬರೂ ಸೆಂಟರ್. ಹಾಗಾಗಿ 2022ರಲ್ಲಿ ಎಂವಿಪಿ ಮತದಲ್ಲಿ ಎರಡನೆಯವರಾಗಿದ್ದ ಎಂಬೀಡ್, ಯೋಕಿಚ್ ಮೊದಲ ತಂಡದಲ್ಲಿದ್ದ ಕಾರಣಕ್ಕೆ ಎರಡನೇ ತಂಡಕ್ಕೆ ಇಳಿದಿದ್ದರು. ಮರುವರ್ಷ ಇದು ತಿರುಗುಮುರುಗಾಯಿತು. ನಿಯಮ ತಪ್ಪಾಗಿದ್ದರೆ ತಿದ್ದಬಹುದು ಅನ್ನೋದಕ್ಕೆ ಇದೇ ಉದಾಹರಣೆ.

ಆ ಮರುವರ್ಷ, 2023, ಡೆನ್ವರ್ ಪಾಲಿಗೆ ದೊಡ್ಡದು. ಎಂವಿಪಿ ಮತದಲ್ಲಿ ಎಂಬೀಡ್‌ಗೆ ಮೊದಲ ಸ್ಥಾನದ 73 ಮತ, ಯೋಕಿಚ್‌ಗೆ 15. ಪ್ಲೇಆಫ್‌ಗೆ ಮುಂಚೆಯೇ ಮತ ಹಾಕಿ ಮುಗಿದಿತ್ತು. ಆಮೇಲೆ ಯೋಕಿಚ್ ಆ ಪ್ಲೇಆಫ್‌ನಲ್ಲಿ 600 ಅಂಕ, 269 ರಿಬೌಂಡ್, 190 ಅಸಿಸ್ಟ್ ಮಾಡಿದರು. ಒಂದೇ ಪ್ಲೇಆಫ್‌ನಲ್ಲಿ ಮೂರರಲ್ಲೂ ಮೊದಲ ಸ್ಥಾನ ಪಡೆದವರು ಅದಕ್ಕೂ ಮುಂಚೆ ಇರಲಿಲ್ಲ. ಡೆನ್ವರ್‌ಗೆ ಮೊದಲ ಎನ್‌ಬಿಎ ಕಿರೀಟ ಬಂತು. ಫೈನಲ್‌ನ ಎಂವಿಪಿ ಅವರೇ.

ಆ ಫೈನಲ್‌ನ ಮೂರನೇ ಪಂದ್ಯದ ಬಾಕ್ಸ್ ಸ್ಕೋರ್ (ಪ್ರತಿ ಆಟಗಾರನ ಅಂಕಿಪಟ್ಟಿ) ನಾನು ಎಷ್ಟು ಸಲ ತೆಗೆದು ನೋಡಿದ್ದೇನೋ. ಯೋಕಿಚ್ 32 ಅಂಕ, 21 ರಿಬೌಂಡ್, 10 ಅಸಿಸ್ಟ್. ಅದರ ಜೊತೆಗೇ ಜಮಾಲ್ ಮರ್ರೆ 34, 10, 10. ಒಂದೇ ತಂಡದ ಇಬ್ಬರು ಒಂದೇ ಪಂದ್ಯದಲ್ಲಿ 30 ಅಂಕ ದಾಟಿ ಟ್ರಿಪಲ್ ಡಬಲ್ ಮಾಡಿದ್ದು ಎನ್‌ಬಿಎಯಲ್ಲಿ ಅದೇ ಮೊದಲು. ಆಗ ಮರ್ರೆ ಹೆಸರಿನಲ್ಲಿ ತಾರಾ ಆಟಗಾರರ ಆಲ್-ಸ್ಟಾರ್ ಪಂದ್ಯಕ್ಕೆ ಒಂದು ಆಯ್ಕೆಯೂ ಇರಲಿಲ್ಲ, ಆಲ್-ಎನ್‌ಬಿಎಯೂ ಇರಲಿಲ್ಲ. ಪ್ರಶಸ್ತಿ ಪಟ್ಟಿ ಮಾತ್ರ ಓದಿದವರಿಗೆ ಆ ತಂಡ ಒಬ್ಬರದ್ದು ಅನಿಸುತ್ತದೆ. ಬಾಕ್ಸ್ ಸ್ಕೋರ್ ಹಾಗೆ ಹೇಳಲ್ಲ.

ಡೆನ್ವರ್ ಅಂಗಣದ ಮೇಲುಗಡೆ ಗೌರವದ ಅಂಗಿಗಳು ತೂಗುತ್ತವೆ. ಹಾಗೆ ತೂಗಿದ ನಂಬರನ್ನು ಆಮೇಲೆ ಬೇರೆಯವರಿಗೆ ಕೊಡುವುದಿಲ್ಲ. ಇಂಗ್ಲಿಷ್‌ರ 2, ಥಾಂಪ್ಸನ್‌ರ 33, ಇಸೆಲ್‌ರ 44, ಮುಟೊಂಬೊ ಅವರ 55. ನಡುವೆ ಒಂದು 432. ಅಷ್ಟು ದೊಡ್ಡ ನಂಬರಿನ ಅಂಗಿ ಯಾರೂ ತೊಟ್ಟಿರಲಿಲ್ಲ. ಅದು ಡಗ್ ಮೋ ಕೋಚ್ ಆಗಿ ಡೆನ್ವರ್‌ಗೆ ತಂದ ಗೆಲುವುಗಳ ಎಣಿಕೆ. ಆ 432ನ್ನು ದಾಟಿ 471ಕ್ಕೆ ಹೋದವರು ಮೈಕಲ್ ಮಲೋನ್. ತಂಡಕ್ಕೆ ಕಿರೀಟ ತಂದುಕೊಟ್ಟ ಕೋಚ್ ಅವರೇ. 2025ರ ಏಪ್ರಿಲ್ 8ರಂದು, ಋತುವಿನಲ್ಲಿ ಇನ್ನು ಮೂರು ಪಂದ್ಯ ಇರುವಾಗ, ತಂಡ ಅವರನ್ನು ಕೆಲಸದಿಂದ ತೆಗೆಯಿತು. 471 ಕೂಡ ಒಂದು ದಿನ ಅಲ್ಲಿ ತೂಗಲಿ ಅಂತ ನನಗೆ ತುಂಬಾ ಆಸೆ.

ಇನ್ನೊಂದು ನಂಬರಿನ ಜಗಳವೂ ಬಾಕಿ ಇದೆ. 2002-03ರಲ್ಲಿ 17 ಪಂದ್ಯ ಗೆದ್ದಿದ್ದ ಡೆನ್ವರ್, ಕಾರ್ಮೆಲೊ ಆ್ಯಂಟನಿ ಬಂದ ವರ್ಷ 43 ಗೆದ್ದಿತು. ಹೊಸಬರ ಪ್ರಶಸ್ತಿ ಲೆಬ್ರಾನ್ ಜೇಮ್ಸ್‌ಗೆ ಹೋಯಿತು. 2008ರಲ್ಲಿ ಮಿನೆಸೋಟಾ ವಿರುದ್ಧ ಒಂದೇ ಕ್ವಾರ್ಟರ್‌ನಲ್ಲಿ 33 ಅಂಕ ಹೊಡೆದು ಗರ್ವಿನ್‌ರ ಹಳೆಯ ದಾಖಲೆ ಸರಿಗಟ್ಟಿದರು. ಅವರು ತೊಟ್ಟಿದ್ದ ನಂಬರ್ 15. 2011ರಲ್ಲಿ ನ್ಯೂಯಾರ್ಕ್‌ಗೆ ಹೋದರು. 2015ರಲ್ಲಿ ಸೊಂಬೋರ್‌ನಿಂದ ಬಂದ, ಆಗ ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಯೋಕಿಚ್‌ಗೆ ತಂಡ ಅದೇ 15 ಕೊಟ್ಟಿತು. ಕಾರ್ಮೆಲೊಗೆ ಅದು ಈಗಲೂ ನೋವಿನ ವಿಷಯ, ಅವರೇ ಹೇಳಿಕೊಂಡಿದ್ದಾರೆ. ಒಂದು ನಂಬರ್ ಒಬ್ಬರಿಗೇ ಅಂತ ಅನೇಕರು ವಾದ ಮಾಡುತ್ತಾರೆ. ಕಾರ್ಮೆಲೊ ನ್ಯೂಯಾರ್ಕ್‌ಗೆ ಹೋದಾಗ ಅಲ್ಲಿ ಅವರಿಗೆ 15 ಸಿಗದೆ 7 ತೊಡಬೇಕಾಯಿತು. ಕಾರಣ, ನಿಕ್ಸ್ ತಂಡ ಆ 15ನ್ನು ಆಗಲೇ ಮೇಲೆ ತೂಗುಹಾಕಿತ್ತು. ಡಿಕ್ ಮೆಕ್‌ಗ್ವಾಯರ್ ಮತ್ತು ಅರ್ಲ್ ಮನ್ರೋ, ಇಬ್ಬರ ಹೆಸರಿನಲ್ಲೂ.